ಪವರ್ ಫೀಡರಿನ ವೇಗ: 4ಕ್ಕೆ ಸುಡುತ್ತದೆ, 8ಕ್ಕೆ ಎಳೆ ಕಿತ್ತು ಬರುತ್ತದೆ, ನಡುವಿನ ವೇಗ ತರುವುದು ಹೇಗೆ?

ಹೊಸಬಾಗಿಲು

ಎಲ್ಲರಿಗೂ ನಮಸ್ಕಾರ. ನನ್ನದು ಹೆಚ್ಚಾಗಿ ಬಾಗಿಲು, ಕಿಟಕಿ ಚೌಕಟ್ಟಿನ ಕೆಲಸ. ಸ್ಪಿಂಡಲ್ ಮೌಲ್ಡರ್ (ತಿರುಗುವ ಕಟರಿನಿಂದ ಮರದ ಅಂಚಿಗೆ ಅಚ್ಚು ಕೊರೆಯುವ ಯಂತ್ರ) ಮೇಲೆ ಮೂರು ರೋಲರಿನ ಪವರ್ ಫೀಡರ್, ಅಂದರೆ ಮರವನ್ನು ಕಟರಿಗೆ ತಳ್ಳಿಕೊಡುವ ಯಂತ್ರ, ಇದೆ. ಅದರಲ್ಲಿ ನಾಲ್ಕು ವೇಗ: ನಿಮಿಷಕ್ಕೆ 4, 8, 11 ಮತ್ತು 22 ಮೀಟರ್. ಸ್ವಿಚ್ಚಿನಲ್ಲಿ 1, 2 ಅಂತ ಎರಡು ಸ್ಥಾನ. ಪಕ್ಕದ ಮುಚ್ಚಳ ತೆಗೆದು ಗೇರ್ ಜೋಡಿಯನ್ನು ಅದಲುಬದಲು ಮಾಡಿದರೆ ಇನ್ನೆರಡು ವೇಗ ಸಿಗುತ್ತದೆ. ಮೋಟಾರ್ ಮೂರು ಫೇಸಿನದು.

ಈಗ ಕೈಯಲ್ಲಿರುವುದು ಎಳೆ ಅತ್ತಿತ್ತ ಹೆಣೆದುಕೊಂಡ ಗಟ್ಟಿ ಮರ. 8ರಲ್ಲಿ ಬಿಟ್ಟರೆ ಎಳೆ ತಿರುಗುವ ಕಡೆಯೆಲ್ಲ ಕಿತ್ತು ಬರುತ್ತದೆ. 4ಕ್ಕೆ ಇಳಿಸಿದರೆ ಕೀಳುವುದು ನಿಲ್ಲುತ್ತದೆ, ಆದರೆ ಅಲ್ಲಲ್ಲಿ ಸುಟ್ಟ ಕಲೆ. ಕೊರೆದ ಅಚ್ಚಿನ ಒಳಮೂಲೆಯಲ್ಲಿ ಆ ಕಲೆ ಬಿದ್ದರೆ ಸ್ಯಾಂಡ್ ಪೇಪರ್ ಹಿಡಿದು ತೆಗೆಯುವಷ್ಟರಲ್ಲಿ ಅಚ್ಚಿನ ಅಂಚೇ ಕೆಡುತ್ತದೆ. ನನಗೆ ಬೇಕಾದದ್ದು 5ರಿಂದ 7ರ ನಡುವೆ ಎಲ್ಲೋ ಇದೆ. ವಿಎಫ್‌ಡಿ (ವಿದ್ಯುತ್ತಿನ ಆವರ್ತನ ಬದಲಿಸಿ ಮೋಟಾರಿನ ವೇಗ ಏರಿಳಿಸುವ ಡ್ರೈವ್) ಹಾಕಿ ವೇಗವನ್ನು ಬೇಕಾದಂತೆ ತಿರುಗಿಸಿಕೊಳ್ಳಬಹುದೇ? ಮೋಟಾರಿಗೆ ಏನಾದರೂ ತೊಂದರೆ ಆಗುತ್ತದೆಯೇ?

ಸ್ಪಿಂಡಲ್ ನಿಮಿಷಕ್ಕೆ 6000 ಸುತ್ತು. ಕಟರ್ ಹೆಡ್ಡಿನ ವ್ಯಾಸ 125 ಮಿ.ಮೀ., ಎರಡು ಬ್ಲೇಡು. ಒಂದೇ ಪಾಸಿನಲ್ಲಿ ಸುಮಾರು 5 ಮಿ.ಮೀ. ತೆಗೆಯುತ್ತಿದ್ದೇನೆ.

---

ಸಾಣೆಕಲ್ಲು

ವಿಎಫ್‌ಡಿ ವಿಷಯ ಬಲ್ಲವರು ಹೇಳುತ್ತಾರೆ. ಅದಕ್ಕೂ ಮೊದಲು ನಿಮ್ಮ ಮರ ಏನು ಹೇಳುತ್ತಿದೆ ಅಂತ ಓದೋಣ. ಫೀಡರಿನ ತಟ್ಟೆಯ ಮೇಲಿರುವ ಸಂಖ್ಯೆ ಮರಕ್ಕೆ ಗೊತ್ತಿಲ್ಲ. ಮರಕ್ಕೆ ಗೊತ್ತಾಗುವುದು ಒಂದು ಬ್ಲೇಡು ಬಂದು ಹೋಗಿ ಮುಂದಿನ ಬ್ಲೇಡು ಬರುವಷ್ಟರಲ್ಲಿ ತಾನೆಷ್ಟು ಮುಂದೆ ಸರಿದೆ ಎಂಬುದು ಮಾತ್ರ.

ಲೆಕ್ಕ ಸುಲಭ. ಫೀಡ್ ವೇಗವನ್ನು ಮಿ.ಮೀ.ಗೆ ತಂದು, ಸುತ್ತಿನ ಸಂಖ್ಯೆ ಗುಣಿಸು ಬ್ಲೇಡಿನ ಸಂಖ್ಯೆಯಿಂದ ಭಾಗಿಸಿ. ನಿಮ್ಮದು 8 ಮೀಟರ್ ಅಂದರೆ 8000 ಮಿ.ಮೀ.; ಬ್ಲೇಡಿನ ಏಟು ನಿಮಿಷಕ್ಕೆ 12,000. ಒಂದೊಂದು ಏಟಿಗೆ 0.67 ಮಿ.ಮೀ. 4ರಲ್ಲಿ ಅದು 0.33. ನೀವು ಕೇಳುತ್ತಿರುವ 6ರಲ್ಲಿ 0.5.

ಆದರೆ ಹೆಡ್ಡಿನಲ್ಲಿ ಎರಡು ಬ್ಲೇಡು ಇದ್ದರೂ ಎರಡೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ವೃತ್ತದಲ್ಲಿ ಸುತ್ತುವುದು ಅಪರೂಪ. ಸ್ವಲ್ಪ ಹೊರಗೆ ನಿಂತ ಬ್ಲೇಡು ಕೊನೆಯ ಗುರುತು ಹಾಕುತ್ತದೆ, ಇನ್ನೊಂದು ಬರೀ ಮರ ತೆಗೆದು ಹೋಗುತ್ತದೆ. ಹಾಗಾಗಿ ಮೇಲ್ಮೈಯಲ್ಲಿ ನಿಮ್ಮ ಕಣ್ಣಿಗೆ ಬೀಳುವ ಅಲೆಗುರುತು ಈ ಲೆಕ್ಕದ ಎರಡರಷ್ಟು ಅಂತರದಲ್ಲಿ ಇರುತ್ತದೆ: 8ರಲ್ಲಿ 1.33 ಮಿ.ಮೀ., 4ರಲ್ಲಿ 0.67.

ಇದನ್ನು ಪರೀಕ್ಷಿಸುವುದೂ ಕಷ್ಟವಲ್ಲ. ಟಾರ್ಚನ್ನು ಮರದ ಮೇಲ್ಮೈಗೆ ಬಹುತೇಕ ಸಮಾನಾಂತರವಾಗಿ ಹಿಡಿದು ನೋಡಿ, ಅಲೆಗಳು ನೆರಳಾಗಿ ಏಳುತ್ತವೆ. ಮಂಕಾಗಿದ್ದರೆ ಸೀಸದಕಡ್ಡಿಯನ್ನು ಅಡ್ಡ ಮಲಗಿಸಿ ಮೆಲ್ಲಗೆ ಉಜ್ಜಿ. 10 ಮಿ.ಮೀ. ಉದ್ದದಲ್ಲಿ ಎಷ್ಟು ಅಲೆ ಇದೆ ಎಣಿಸಿ. 4ರ ವೇಗದ ತುಂಡಿನಲ್ಲಿ ಸುಮಾರು 15 ಇರಬೇಕು. ಇಡೀ ಉದ್ದಕ್ಕೂ ಅಂತರ ಒಂದೇ ಸಮ ಇದೆಯೋ, ಕೆಲವು ಕಡೆ ಒತ್ತೊತ್ತಾಗಿ ಬಂದಿದೆಯೋ, ಅದನ್ನು ಮುಖ್ಯವಾಗಿ ನೋಡಿ ಹೇಳಿ. ಸುಟ್ಟ ಕಲೆ ಉದ್ದುದ್ದ ಗೆರೆಯಾಗಿದೆಯೋ ಅಥವಾ ಅಡ್ಡ ಪಟ್ಟಿಯಾಗಿದೆಯೋ ಅದನ್ನೂ ಬರೆಯಿರಿ.

---

ಗರಗಸದಹಲ್ಲು

ಸಾಣೆಕಲ್ಲು ಅವರ ಮಾತಿಗೆ ಒಂದು ಸೇರಿಕೆ. ನಾನು ಫೀಡರನ್ನು ಸರ್ಕ್ಯುಲರ್ ಗರಗಸದ ಮೇಲೆ ಉದ್ದ ಸೀಳುವುದಕ್ಕೆ ಬಳಸುತ್ತೇನೆ. ಅಲ್ಲೂ ಇದೇ ಲೆಕ್ಕ. 24 ಹಲ್ಲಿನ ಬ್ಲೇಡು, 4000 ಸುತ್ತು, ಫೀಡ್ 10 ಮೀಟರ್: ಹಲ್ಲಿಗೆ 0.1 ಮಿ.ಮೀ. ಸೀಳಿದ ಪುಡಿ ಕೈಗೆ ದಪ್ಪದಪ್ಪ ಸಿಗುತ್ತದೆ, ಬ್ಲೇಡು ತಣ್ಣಗಿರುತ್ತದೆ. ಅದೇ ಜಾಗಕ್ಕೆ 60 ಹಲ್ಲಿನ ಬ್ಲೇಡು ಹಾಕಿ ಅದೇ ವೇಗ ಬಿಟ್ಟರೆ ಹಲ್ಲಿಗೆ 0.04. ಪುಡಿ ಹಿಟ್ಟಿನಂತೆ ಬರುತ್ತದೆ, ಅಂಚು ಕಪ್ಪಾಗುತ್ತದೆ. ಆಗ ವೇಗ ಇಳಿಸಿದರೆ ಕಪ್ಪು ಇನ್ನೂ ಹೆಚ್ಚುತ್ತದೆ. ಸುಟ್ಟಿತು ಅಂದಕೂಡಲೇ ನಿಧಾನ ಮಾಡುವುದು ಎಲ್ಲರ ಮೊದಲ ಪ್ರತಿಕ್ರಿಯೆ, ಆದರೆ ಹೆಚ್ಚಿನ ಸಲ ಅದು ತಿರುಗುಮುರುಗು ಮದ್ದು.

---

ಹೊಸಬಾಗಿಲು

ಟಾರ್ಚ್ ಹಿಡಿದು ನೋಡಿದೆ. 8ರ ತುಂಡಿನಲ್ಲಿ ಅಲೆ ಒಂದೇ ಸಮ ಇದೆ, ಸೆಂ.ಮೀ.ಗೆ ಏಳೆಂಟು. 4ರ ತುಂಡಿನಲ್ಲಿ ಒಂದೇ ಸಮ ಇಲ್ಲ. ಕೆಲವು ಕಡೆ ಹದಿನೈದರ ಹತ್ತಿರ ಇದೆ, ಕೆಲವು ಕಡೆ ಎಣಿಸಲಾಗದಷ್ಟು ಒತ್ತೊತ್ತು. ಸುಟ್ಟಿರುವುದು ಆ ಒತ್ತಾದ ಜಾಗಗಳಲ್ಲೇ, ಅಡ್ಡ ಪಟ್ಟಿಯಾಗಿ.

---

ಗೇರುಪೆಟ್ಟಿಗೆ

ಅಡ್ಡ ಪಟ್ಟಿ ಅಂದರೆ ಮರ ಅಲ್ಲಿ ಕ್ಷಣಕಾಲ ನಿಂತಿದೆ. ರೋಲರ್ ಜಾರುತ್ತಿದೆ. ಬ್ಲೇಡು ಮೊಂಡಾಗಿದ್ದರೆ ಅಥವಾ ಅದಕ್ಕೆ ಅಂಟು ಮೆತ್ತಿದ್ದರೆ ಕಲೆ ಉದ್ದಕ್ಕೂ ಗೆರೆಯಾಗಿ ಬರುತ್ತಿತ್ತು.

ಇದನ್ನು ಗಡಿಯಾರ ಹಿಡಿದು ಖಚಿತ ಮಾಡಿಕೊಳ್ಳಬಹುದು. ಒಂದು ಹಲಗೆಯ ಮೇಲೆ 1 ಮೀಟರ್ ಅಂತರದಲ್ಲಿ ಎರಡು ಗೆರೆ ಎಳೆಯಿರಿ. ಮೊದಲು ಕಟರ್ ತಾಗದಂತೆ ಬರೀ ಹಲಗೆಯನ್ನು ಓಡಿಸಿ: 4ರ ವೇಗಕ್ಕೆ ಸರಿಯಾಗಿ 15 ಸೆಕೆಂಡ್ ಹಿಡಿಯಬೇಕು. ನಂತರ ಅದೇ ಹಲಗೆಯನ್ನು ಕೊರೆಯುತ್ತಾ ಓಡಿಸಿ. ಎರಡರ ನಡುವಿನ ವ್ಯತ್ಯಾಸವೇ ಜಾರಿಕೆ. ಮೋಟಾರ್ ಭಾರಕ್ಕೆ ನಿಧಾನವಾಗುವುದು ನೂರಕ್ಕೆ ಹತ್ತರ ಒಳಗೆ. ಅದಕ್ಕಿಂತ ಹೆಚ್ಚಿದ್ದರೆ ರೋಲರೇ ಕಾರಣ.

ನೋಡಬೇಕಾದವು ಇಷ್ಟು. ರೋಲರಿನ ರಬ್ಬರ್ ಹೊಳಪು ಬಂದು ಗಟ್ಟಿಯಾಗಿದೆಯೇ? ಪುಡಿ, ಅಂಟು ಮೆತ್ತಿದೆಯೇ? ಸ್ಪಿರಿಟ್ಟಿನಲ್ಲಿ ಒರೆಸಿ, ಥಿನ್ನರ್, ಪೆಟ್ರೋಲ್ ಬೇಡ, ರಬ್ಬರ್ ಉಬ್ಬುತ್ತದೆ. ಹೊಳಪು ಬಂದಿದ್ದರೆ ಒರಟು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಮೇಲ್ಪದರ ತೆಗೆಯಿರಿ. ರೋಲರುಗಳು ಮರದ ಮೇಲ್ಮೈಗಿಂತ 3ರಿಂದ 5 ಮಿ.ಮೀ. ಕೆಳಗೆ ಇರುವಂತೆ ಫೀಡರನ್ನು ಇಳಿಸಿ, ಸ್ಪ್ರಿಂಗುಗಳು ಒತ್ತಡ ಹಿಡಿಯಬೇಕು. ಫೀಡರಿನ ಹೊರಹೋಗುವ ತುದಿ ಒಳಬರುವ ತುದಿಗಿಂತ ಕೆಲವು ಮಿ.ಮೀ. ಫೆನ್ಸಿನ (ಮರ ಒರಗಿ ಸಾಗುವ ಪಕ್ಕದ ಆಸರೆ) ಕಡೆಗೆ ವಾಲಿರಬೇಕು. ಆಗ ಮರ ಫೆನ್ಸಿಗೆ ಒತ್ತಿಕೊಂಡು ಓಡುತ್ತದೆ. ಹೆಚ್ಚು ವಾಲಿಸಿದರೆ ಫೆನ್ಸಿಗೇ ತಿಕ್ಕಿ ನಿಲ್ಲುತ್ತದೆ. ಮೇಜಿಗೆ ಮೇಣ ಹಚ್ಚಿ. ಸಿಲಿಕೋನ್ ಇರುವುದನ್ನು ಮಾತ್ರ ಹಚ್ಚಬೇಡಿ, ಆಮೇಲೆ ಪಾಲಿಶ್ ಹಿಡಿಯದೆ ಮೇಲ್ಮೈಯಲ್ಲಿ ಗುಳಿ ಗುಳಿಯಾಗುತ್ತದೆ.

ರೋಲರ್ ಜಾರುವ ಫೀಡರಿಗೆ ಎಂಥ ಡ್ರೈವ್ ಹಾಕಿದರೂ ನೀವು ನಿಯಂತ್ರಿಸುವುದು ರೋಲರಿನ ವೇಗವನ್ನು, ಮರದ ವೇಗವನ್ನಲ್ಲ.

---

ಸಾಣೆಕಲ್ಲು

ಗೇರುಪೆಟ್ಟಿಗೆ ಅವರು ಹೇಳಿದ್ದು ಸರಿ. ಇನ್ನು 8ರಲ್ಲಿ ಕೀಳುವ ವಿಷಯ. ಅಲೆಗುರುತಿನ ಆಳ ಲೆಕ್ಕ ಹಾಕಿದರೆ ಏನೂ ಇಲ್ಲ: ಅಂತರದ ವರ್ಗವನ್ನು ವ್ಯಾಸದ ನಾಲ್ಕರಷ್ಟರಿಂದ ಭಾಗಿಸಿದರೆ ಆಳ ಬರುತ್ತದೆ. 1.33 ಮಿ.ಮೀ. ಅಂತರಕ್ಕೆ 125ರ ಹೆಡ್ಡಿನಲ್ಲಿ ಅದು 0.004 ಮಿ.ಮೀ.ಗೂ ಕಡಿಮೆ. ಹಾಗಾಗಿ ನಿಮ್ಮ ತೊಂದರೆ ಅಲೆಯದಲ್ಲ, ಚಕ್ಕೆಯ ದಪ್ಪದ್ದು. ದಪ್ಪ ಚಕ್ಕೆ ಗಟ್ಟಿಯಾಗಿರುತ್ತದೆ, ಬ್ಲೇಡು ಕತ್ತರಿಸುವ ಮೊದಲೇ ಸನ್ನೆಗೋಲಿನಂತೆ ಮೇಲೆದ್ದು ಎಳೆಯನ್ನು ಬುಡಸಮೇತ ಎತ್ತುತ್ತದೆ.

ಈ ದಪ್ಪ ಎರಡು ಕಡೆಯಿಂದ ಬರುತ್ತದೆ, ಒಂದು ಫೀಡ್ ವೇಗ, ಇನ್ನೊಂದು ಕೊರೆಯುವ ಆಳ. ಸರಾಸರಿ ದಪ್ಪ ಬೇಕಾದರೆ ಏಟಿನ ಫೀಡನ್ನು, ಆಳವನ್ನು ವ್ಯಾಸದಿಂದ ಭಾಗಿಸಿದ್ದರ ವರ್ಗಮೂಲದಿಂದ ಗುಣಿಸಿ. 8 ಮೀಟರ್ ವೇಗ, 5 ಮಿ.ಮೀ. ಆಳ: 0.67 ಗುಣಿಸು 0.2, ಸುಮಾರು 0.13 ಮಿ.ಮೀ. ವೇಗವನ್ನು 6ಕ್ಕೆ ಇಳಿಸಿದರೆ 0.1. ವೇಗ 8ರಲ್ಲೇ ಇಟ್ಟು ಕೊನೆಯ ಪಾಸಿನ ಆಳವನ್ನು 2.8 ಮಿ.ಮೀ.ಗೆ ಇಳಿಸಿದರೂ ಅದೇ 0.1. ಎರಡು ಪಾಸು ಮಾಡಿದರೆ, ಡ್ರೈವಿಗೆ ಕಾಸು ಹಾಕದೆಯೇ ನೀವು ಕೇಳಿದ ಗುಣ ಸಿಗುತ್ತದೆ. ಕೊನೆಯ ಪಾಸಿಗೆ 1 ಮಿ.ಮೀ. ಮಾತ್ರ ಉಳಿಸಿಕೊಂಡರೆ ಇನ್ನೂ ಚೆನ್ನ.

ವಿಎಫ್‌ಡಿ ಬೇಡ ಅನ್ನುತ್ತಿಲ್ಲ. ದಿನವಿಡೀ ಇದೇ ಕೆಲಸವಾದರೆ ಎರಡೆರಡು ಪಾಸು ಮಾಡಲು ಬೇಸರವೇ.

---

ಮೂರುಫೇಸ್

ಈಗ ವಿದ್ಯುತ್ತಿನ ಭಾಗ. ಒಂದೇ ಸ್ವಿಚ್ಚಿನಲ್ಲಿ ವೇಗ ಸರಿಯಾಗಿ ದುಪ್ಪಟ್ಟಾಗುತ್ತದೆ ಅಂದರೆ ನಿಮ್ಮದು ಡಾಲಾಂಡರ್ ಸುತ್ತಿನ ಮೋಟಾರ್ ಇರಬೇಕು: ಒಂದೇ ವೈಂಡಿಂಗನ್ನು 8 ಪೋಲ್ (ಅಯಸ್ಕಾಂತ ಧ್ರುವ) ಆಗಿಯೂ 4 ಪೋಲ್ ಆಗಿಯೂ ಜೋಡಿಸುವ ವ್ಯವಸ್ಥೆ. ಟರ್ಮಿನಲ್ ಪೆಟ್ಟಿಗೆ ತೆರೆದು ನೋಡಿ, ಆರು ತಂತಿ ಇರುತ್ತದೆ. ಮುಚ್ಚಳದ ಒಳಗೆ ಅಥವಾ ಮೋಟಾರಿನ ತಟ್ಟೆಯ ಮೇಲೆ ಡೆಲ್ಟಾ ಮತ್ತು ಜೋಡಿ ಸ್ಟಾರ್ ಚಿತ್ರ ಇರಬೇಕು.

ಇದಕ್ಕೆ ಡ್ರೈವ್ ಹಾಕುವಾಗ ಮೊದಲ ನಿಯಮ: ಮೋಟಾರನ್ನು ಒಂದೇ ವೇಗದ ಜೋಡಣೆಯಲ್ಲಿ ಕಾಯಂ ಆಗಿ ಕಟ್ಟಿಬಿಡಿ. ಜೋರಿನದ್ದು, ಅಂದರೆ 4 ಪೋಲಿನ ಜೋಡಿ ಸ್ಟಾರ್, ಆರಿಸಿಕೊಳ್ಳಿ. U1, V1, W1 ಮೂರನ್ನೂ ಒಂದಕ್ಕೊಂದು ಸೇರಿಸಿ. ಡ್ರೈವಿನ ತಂತಿ U2, V2, W2ಗೆ. ಕೆಲವು ಕಡೆ ಗುರುತು ಬೇರೆ ಇರುತ್ತದೆ, ನಿಮ್ಮ ಮೋಟಾರಿನ ಚಿತ್ರವನ್ನೇ ನಂಬಿ. ಹಳೆಯ ವೇಗದ ಸ್ವಿಚ್ಚನ್ನು ಪೂರ್ತಿ ಬಿಚ್ಚಿಡಿ. ಡ್ರೈವ್ ಓಡುತ್ತಿರುವಾಗ ಅದಕ್ಕೂ ಮೋಟಾರಿಗೂ ನಡುವೆ ಯಾರಾದರೂ ಸ್ವಿಚ್ ತಿರುಗಿಸಿದರೆ ಡ್ರೈವಿನ ಟ್ರಾನ್ಸಿಸ್ಟರ್ ಹೋಗಬಹುದು. ಚಾಲೂ, ಬಂದ್, ಹಿಮ್ಮುಖ, ಎಲ್ಲವೂ ಡ್ರೈವಿನ ಕಂಟ್ರೋಲ್ ಟರ್ಮಿನಲ್ ಮೂಲಕವೇ ಆಗಬೇಕು. ವೇಗಕ್ಕೆ 10 ಕಿಲೋಓಮ್ ಪೊಟೆನ್ಶಿಯೋಮೀಟರ್ ಸಾಕು.

ನಿಧಾನದ ಗೇರ್ ಜೋಡಿಯನ್ನೇ ಇಟ್ಟುಕೊಳ್ಳಿ. ಆಗ 50 ಹರ್ಟ್ಸಿಗೆ 8 ಮೀಟರ್, 37.5ಕ್ಕೆ 6, 25ಕ್ಕೆ 4. ಕೆಳಮಿತಿ 20, ಮೇಲ್ಮಿತಿ 60 ಇಟ್ಟರೆ 3.2ರಿಂದ 9.6 ಮೀಟರ್ ತನಕ ನಿಮ್ಮ ಕೈಯಲ್ಲಿ. ವೇಗದ ಗೇರ್ ಹಾಕಿ 22ರಿಂದ ವಿದ್ಯುತ್ತಿನಲ್ಲೇ 6ಕ್ಕೆ ಇಳಿಸಲು ಹೋದರೆ 14 ಹರ್ಟ್ಸಿನ ಕೆಳಗೆ ಬರುತ್ತೀರಿ. ಅಲ್ಲಿ ಮೋಟಾರಿನ ಫ್ಯಾನು ಗಾಳಿಯನ್ನೇ ತಳ್ಳುವುದಿಲ್ಲ, ಎಳೆಯುವ ಶಕ್ತಿಯೂ ಸಾಲುವುದಿಲ್ಲ. ಗೇರಿನಲ್ಲಿ ಇಳಿಸಿದಾಗ ಟಾರ್ಕ್ (ತಿರುಗಿಸುವ ಬಲ) ಏರುತ್ತದೆ. ಡ್ರೈವಿನಲ್ಲಿ ಇಳಿಸಿದಾಗ ಹೆಚ್ಚೆಂದರೆ ಇದ್ದಷ್ಟೇ ಉಳಿಯುತ್ತದೆ.

50 ದಾಟಿದ ಮೇಲೆ ವೋಲ್ಟೇಜ್ ಏರುವುದಿಲ್ಲ, ಆವರ್ತನ ಮಾತ್ರ ಏರುತ್ತದೆ. ಹಾಗಾಗಿ ಟಾರ್ಕ್ ಕುಸಿಯುತ್ತಾ ಹೋಗುತ್ತದೆ. 60 ತನಕ ಗಟ್ಟಿ ಮರದಲ್ಲೂ ಪರವಾಗಿಲ್ಲ.

---

ಹೊಸಬಾಗಿಲು

ತಂತಿ ಆರೇ ಇದೆ, ಚಿತ್ರವೂ ಸಿಕ್ಕಿತು, ಡಾಲಾಂಡರ್ ಹೌದು. ತಟ್ಟೆಯ ಮೇಲೆ ಎರಡೂ ವೇಗಕ್ಕೆ 400 ವೋಲ್ಟ್ ಅಂತ ಇದೆ. ಪರಿಚಯದವರ ಬಳಿ 230 ವೋಲ್ಟ್ ಸಿಂಗಲ್ ಫೇಸ್ ತೆಗೆದುಕೊಂಡು 230 ವೋಲ್ಟ್ ಮೂರು ಫೇಸ್ ಕೊಡುವ ಸಣ್ಣ ಡ್ರೈವ್ ಬಿದ್ದಿದೆ. ಅದು ಆಗುತ್ತದೆಯೇ?

ಗಡಿಯಾರದ ಪರೀಕ್ಷೆಯೂ ಮಾಡಿದೆ. ಬರೀ ಹಲಗೆಗೆ 15 ಸೆಕೆಂಡ್. ಕೊರೆಯುವಾಗ 19.

---

ಗೇರುಪೆಟ್ಟಿಗೆ

15ಕ್ಕೆ 19 ಅಂದರೆ ನೂರರಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ವೇಗ ಹೋಯಿತು. ಮೊದಲು ರೋಲರ್ ಕೆಲಸ ಮುಗಿಸಿ, ಡ್ರೈವ್ ಆಮೇಲೆ.

---

ಮೂರುಫೇಸ್

ಸಾಮಾನ್ಯ ಒಂದೇ ವೇಗದ ಮೋಟಾರಾಗಿದ್ದರೆ, ತಟ್ಟೆಯಲ್ಲಿ 230/400 ಅಂತ ಇದ್ದರೆ, ಸ್ಟಾರಿನಿಂದ ಡೆಲ್ಟಾಕ್ಕೆ ಬದಲಿಸಿ 230ರ ಡ್ರೈವಿನಲ್ಲಿ ಪೂರ್ಣ ಶಕ್ತಿಯಲ್ಲಿ ಓಡಿಸಬಹುದಿತ್ತು. ಡಾಲಾಂಡರಿನಲ್ಲಿ ಆ ಅನುಕೂಲ ಇಲ್ಲ. ಇರುವ ಎರಡು ಜೋಡಣೆಗಳೂ ವೇಗಕ್ಕೇ ಮೀಸಲಾಗಿವೆ.

ಆದರೂ ಪೂರ್ತಿ ಕೈಬಿಡಬೇಕಿಲ್ಲ. ಇಂಡಕ್ಷನ್ ಮೋಟಾರಿಗೆ ಮುಖ್ಯವಾದದ್ದು ವೋಲ್ಟೇಜ್ ಮತ್ತು ಆವರ್ತನದ ಅನುಪಾತ. 400 ವೋಲ್ಟಿಗೆ 50 ಹರ್ಟ್ಸ್ ಅಂದರೆ ಹರ್ಟ್ಸಿಗೆ 8 ವೋಲ್ಟ್. ಅದೇ ಲೆಕ್ಕದಲ್ಲಿ 230 ವೋಲ್ಟ್ ಮುಗಿಯುವುದು 29 ಹರ್ಟ್ಸಿನ ಹತ್ತಿರ. ಅಲ್ಲಿಯ ತನಕ ಪೂರ್ಣ ಟಾರ್ಕ್, ಅದರಾಚೆ ಕುಸಿತ. ನಿಮ್ಮ ಗೇರಿನಲ್ಲಿ 29 ಹರ್ಟ್ಸ್ ಅಂದರೆ 4.6 ಮೀಟರ್. ನಿಮಗೆ ಬೇಕಾದ 6ಕ್ಕೆ, ಅಂದರೆ 37.5 ಹರ್ಟ್ಸಿಗೆ, ಮೋಟಾರ್ ದುರ್ಬಲ ಆಗಿರುತ್ತದೆ. ಒಂದೊಂದು ಗಂಟಿನ ಹತ್ತಿರ ನಿಂತರೆ ಮತ್ತೆ ಅದೇ ಸುಟ್ಟ ಪಟ್ಟಿ. ನಿಮ್ಮಲ್ಲಿ ಮೂರು ಫೇಸ್ ಹೇಗೂ ಇದೆಯಲ್ಲ, 400 ವೋಲ್ಟಿನ ಡ್ರೈವನ್ನೇ ತನ್ನಿ. ಆರಿಸುವಾಗ ಅಶ್ವಶಕ್ತಿ ನೋಡಬೇಡಿ. ಮೋಟಾರಿನ ತಟ್ಟೆಯಲ್ಲಿ ಜೋರಿನ ವೇಗಕ್ಕೆ ಬರೆದಿರುವ ಆಂಪಿಯರ್ ನೋಡಿ, ಡ್ರೈವ್ ಅದಕ್ಕಿಂತ ಮೇಲಿರಲಿ.

---

ಒಂಟಿಫೇಸ್

ನಡುವೆ ಬಂದಿದ್ದಕ್ಕೆ ಕ್ಷಮಿಸಿ, ನನ್ನದೂ ಇದೇ ಪ್ರಶ್ನೆ. ನನ್ನ ಫೀಡರ್ ಸಿಂಗಲ್ ಫೇಸಿನದು, ಮೇಲೆ ಕೆಪಾಸಿಟರ್ ಡಬ್ಬಿ ಇದೆ. ಸೀಲಿಂಗ್ ಫ್ಯಾನಿಗೆ ಹಾಕುವ ರೆಗ್ಯುಲೇಟರಿನದೇ ದೊಡ್ಡ ಮಾದರಿ ಹಾಕಿ ವೇಗ ಇಳಿಸಬಹುದು ಎಂದು ಒಬ್ಬರು ಹೇಳಿದರು. ಆಗುತ್ತದೆಯೇ?

---

ಮೂರುಫೇಸ್

ದಯವಿಟ್ಟು ಬೇಡ. ಫ್ಯಾನಿನಲ್ಲಿ ಅದು ನಡೆಯುವುದಕ್ಕೆ ಕಾರಣ ಗಾಳಿಯ ಭಾರ. ಫ್ಯಾನಿನ ವೇಗ ಕಡಿಮೆಯಾದಂತೆ ಗಾಳಿಯ ಎದುರೊತ್ತು ಇನ್ನೂ ಬೇಗ ಇಳಿಯುತ್ತದೆ, ಹಾಗಾಗಿ ಬಡಕಲಾದ ಮೋಟಾರೂ ಅದನ್ನು ತಿರುಗಿಸುತ್ತಿರುತ್ತದೆ. ಫೀಡರಿನಲ್ಲಿ ಮರವನ್ನು ತಳ್ಳುವ ಬಲ ವೇಗ ಇಳಿದರೂ ಅಷ್ಟೇ ಬೇಕು. ರೆಗ್ಯುಲೇಟರ್ ಆವರ್ತನವನ್ನು ಮುಟ್ಟುವುದಿಲ್ಲ, ವೋಲ್ಟೇಜನ್ನು ಮಾತ್ರ ಕತ್ತರಿಸುತ್ತದೆ. ವೋಲ್ಟೇಜ್ ಅರ್ಧವಾದರೆ ಟಾರ್ಕ್ ಕಾಲುಭಾಗಕ್ಕೆ ಇಳಿಯುತ್ತದೆ. ಬರೀ ರೋಲರ್ ತಿರುಗುವಾಗ ಚೆನ್ನಾಗಿಯೇ ಕಾಣುತ್ತದೆ. ಮರ ಕಟರಿಗೆ ತಾಗಿದ ಕ್ಷಣ ಮೋಟಾರ್ ನಿಂತು, ಝೇಂಕರಿಸಿ, ಕಾಯುತ್ತದೆ. ಕಾದು ಕಾದು ವೈಂಡಿಂಗ್ ಸುಡುತ್ತದೆ.

ವಿಎಫ್‌ಡಿಯನ್ನೂ ಈ ಮೋಟಾರಿಗೆ ಹಾಗೇ ಜೋಡಿಸಲಾಗದು. ಶುರುವಿನ ಕೆಪಾಸಿಟರನ್ನು ಬಿಡಿಸುವ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ ನಿಧಾನದ ವೇಗದಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ದಾರಿ ಎರಡು. ಅದೇ ಅಳತೆಯ ಫ್ಲ್ಯಾಂಜ್ ಇರುವ ಮೂರು ಫೇಸ್ ಮೋಟಾರ್ ಹಾಕಿ, 230ರ ಡ್ರೈವಿನಿಂದ ಓಡಿಸುವುದು. ಅಥವಾ ಶಾಶ್ವತ ಅಯಸ್ಕಾಂತದ ಡಿಸಿ ಮೋಟಾರ್ ಮತ್ತು ಅದರ ಕಂಟ್ರೋಲರ್. ಡಿಸಿ ಮೋಟಾರ್ ನಿಧಾನದಲ್ಲೂ ಗಟ್ಟಿಯಾಗಿ ಎಳೆಯುತ್ತದೆ, ಆದರೆ ಕಾರ್ಬನ್ ಬ್ರಷ್‌ಗೂ ಮರದ ಹುಡಿಗೂ ಆಗಿಬರುವುದಿಲ್ಲ. ಪೂರ್ತಿ ಮುಚ್ಚಿದ ಮೋಟಾರೇ ಬೇಕು.

---

ಗೇರುಪೆಟ್ಟಿಗೆ

ಒಂಟಿಫೇಸ್ ಅವರೇ, ಹೊಸ ಮೋಟಾರ್ ಕೊಳ್ಳುವ ಮೊದಲು ಹಳೆಯದನ್ನು ಒಮ್ಮೆ ಕಳಚಿ ನೋಡಿ. ಬಹಳ ಫೀಡರುಗಳಲ್ಲಿ ಮೋಟಾರಿನ ಶಾಫ್ಟಿನ ತುದಿಯಲ್ಲೇ ಪಿನಿಯನ್ ಅಥವಾ ವರ್ಮ್ ಹಲ್ಲು ಕೊರೆದಿರುತ್ತಾರೆ. ಹಾಗಿದ್ದರೆ ಫ್ಲ್ಯಾಂಜ್ ಕೂಡಿದರೂ ಉಪಯೋಗವಿಲ್ಲ. ಹಳೆಯ ಶಾಫ್ಟಿನ ರೋಟರನ್ನು ಉಳಿಸಿಕೊಂಡು ಸ್ಟೇಟರನ್ನು ಮೂರು ಫೇಸಿಗೆ ಮರುಸುತ್ತು ಹಾಕಿಸುವುದೊಂದೇ ಉಳಿಯುತ್ತದೆ. ಮೋಟಾರ್ ವೈಂಡಿಂಗ್ ಬಲ್ಲವರು ಇದನ್ನು ಮಾಡುತ್ತಾರೆ.

ತಟ್ಟೆಯ ಮೇಲಿನ ಆವರ್ತನವನ್ನೂ ನೋಡಿಕೊಳ್ಳಿ. 60 ಹರ್ಟ್ಸಿಗೆ ಬರೆದ ವೇಗಗಳಾದರೆ 50 ಹರ್ಟ್ಸಿನಲ್ಲಿ ಸಿಗುವುದು ಆರರಲ್ಲಿ ಐದು ಭಾಗ ಮಾತ್ರ.

---

ಕೆಂಪುಗುಂಡಿ

ವೇಗದ ಲೆಕ್ಕ ಚೆನ್ನಾಗಿ ನಡೆದಿದೆ. ನಿಲ್ಲಿಸುವುದರ ಬಗ್ಗೆ ಯಾರೂ ಬರೆದಿಲ್ಲ, ಅದನ್ನು ಬರೆಯದೆ ನನಗೆ ಸಮಾಧಾನ ಇಲ್ಲ.

ಸ್ಪಿಂಡಲ್ ನಿಂತು ಫೀಡರ್ ಓಡುತ್ತಿದ್ದರೆ ಮರ ನಿಂತ ಬ್ಲೇಡಿಗೆ ಹೋಗಿ ಗುದ್ದುತ್ತದೆ. ಬ್ಲೇಡು ಮುರಿಯಬಹುದು, ಹೆಡ್ಡು ಸ್ಥಾನ ಬಿಡಬಹುದು, ಮತ್ತೆ ಸ್ಪಿಂಡಲ್ ಹಚ್ಚಿದಾಗ ಆ ಚೂರು ಎಲ್ಲಿಗೆ ಹಾರುತ್ತದೆ ಎಂದು ಹೇಳಲಾಗದು. ಆದ್ದರಿಂದ ಸ್ಪಿಂಡಲ್ ಕಾಂಟ್ಯಾಕ್ಟರಿನ (ಮೋಟಾರಿಗೆ ಕರೆಂಟು ಕೊಡುವ, ತೆಗೆಯುವ ಸ್ವಿಚ್) ಒಂದು ಸಹಾಯಕ ಕಾಂಟ್ಯಾಕ್ಟನ್ನು ಡ್ರೈವಿನ ಚಾಲನಾ ಅನುಮತಿಯ ಟರ್ಮಿನಲಿಗೆ ತನ್ನಿ. ಸ್ಪಿಂಡಲ್ ಓಡುತ್ತಿದ್ದರೆ ಮಾತ್ರ ಫೀಡರ್ ಓಡಲಿ. ಸ್ಟಾರ್-ಡೆಲ್ಟಾ ಸ್ಟಾರ್ಟರಾದರೆ ಡೆಲ್ಟಾ ಕಾಂಟ್ಯಾಕ್ಟರಿನಿಂದ ತೆಗೆದುಕೊಳ್ಳಿ, ಇಲ್ಲದಿದ್ದರೆ ಅರ್ಧ ವೇಗದ ಕಟರಿಗೆ ಮರ ಹೋಗುತ್ತದೆ. ತುರ್ತು ನಿಲುಗಡೆಯ ಗುಂಡಿ ಒಂದೇ ಇರಲಿ, ಎರಡನ್ನೂ ನಿಲ್ಲಿಸಲಿ. ಕರೆಂಟು ಹೋಗಿ ಬಂದಾಗ ತಾನೇ ಶುರುವಾಗುವ ಆಯ್ಕೆ ಡ್ರೈವಿನಲ್ಲಿ ಇರುತ್ತದೆ. ಅದನ್ನು ಮುಚ್ಚಿ, ಮುಚ್ಚಿದೆಯೇ ಎಂದು ಮೇನ್ ಸ್ವಿಚ್ ಆರಿಸಿ ಹಚ್ಚಿ ಪರೀಕ್ಷಿಸಿ.

ನಿಲ್ಲುವ ಸಮಯ ಅರ್ಧ ಸೆಕೆಂಡಿನಿಂದ ಒಂದು ಸೆಕೆಂಡ್ ಸಾಕು. ವರ್ಮ್ ಗೇರಿನ ಘರ್ಷಣೆಯೇ ಬಹುತೇಕ ನಿಲ್ಲಿಸಿಬಿಡುತ್ತದೆ, ಬ್ರೇಕ್ ರೆಸಿಸ್ಟರ್ ಬೇಕಾಗುವುದಿಲ್ಲ. ಆದರೆ ಅದೇ ವರ್ಮ್ ಹಿಂದಕ್ಕೆ ತಿರುಗದು. ನಿಂತ ಫೀಡರಿನ ಕೆಳಗಿಂದ ಮರವನ್ನು ಕೈಯಲ್ಲಿ ಎಳೆಯಬೇಡಿ, ಸ್ಪಿಂಡಲ್ ಪೂರ್ತಿ ನಿಂತ ಮೇಲೆ ಫೀಡರನ್ನು ಎತ್ತಿ ತೆಗೆಯಿರಿ.

ಇನ್ನೊಂದು. ಎಳೆ ಕೀಳುವ ಮರಕ್ಕೆ ಕಟರ್ ತಿರುಗುವ ದಿಕ್ಕಿನಲ್ಲೇ ಮರ ಬಿಡುವುದು ಒಂದು ಉಪಾಯ. ಫೀಡರ್ ಗಟ್ಟಿಯಾಗಿ ಹಿಡಿದಿದ್ದರೆ ಮಾತ್ರ ಅದು ಸಾಧ್ಯ, ಕೈಯಲ್ಲಿ ಎಂದಿಗೂ ಬೇಡ. ಮರವನ್ನು ಕಟರೇ ಎಳೆದುಕೊಳ್ಳಲು ನೋಡುತ್ತಿರುವಾಗ ಫೀಡರಿನ ಕೆಲಸ ತಳ್ಳುವುದಲ್ಲ, ತಡೆಯುವುದು. ಜಾರುವ ರೋಲರಿನ ಫೀಡರಿನಲ್ಲಿ ಇದನ್ನು ಮಾಡಿದರೆ ಮರ ಬಾಣದಂತೆ ಹೊರಗೆ ಹೋಗುತ್ತದೆ. ಹೊಸಬಾಗಿಲು ಅವರು ಸದ್ಯಕ್ಕೆ ಆ ಯೋಚನೆ ಮಾಡಬೇಡಿ.

ಕಟರಿನ ಮೇಲಿನ ಗುರುತನ್ನೂ ನೋಡಿ. ಯುರೋಪಿನ ಇಎನ್ 847-1 ಮಾನದಂಡದ ಕಟರುಗಳಲ್ಲಿ ‘ಮ್ಯಾನ್’ ಎಂದಿದ್ದರೆ ಕೈಯಿಂದ ತಳ್ಳಲು ತಕ್ಕದ್ದು, ‘ಮೆಕ್’ ಎಂದಿದ್ದರೆ ಯಂತ್ರದ ಫೀಡಿಗೆ ಮಾತ್ರ. ಫೀಡರ್ ರಿಪೇರಿಗೆ ಹೋಯಿತು ಅಂತ ಮೆಕ್ ಕಟರಿಗೆ ಕೈಯಿಂದ ಮರ ಕೊಡಬಾರದು.

---

ಮೂರುಫೇಸ್

ಕೆಂಪುಗುಂಡಿ ಅವರ ಪ್ರತಿ ಮಾತಿಗೂ ನನ್ನ ಒಪ್ಪಿಗೆ. ಡ್ರೈವ್ ಇಡುವ ಜಾಗದ ಬಗ್ಗೆಯೂ ಇಷ್ಟು ಹೇಳುತ್ತೇನೆ. ಡ್ರೈವಿಗೆ ತನ್ನದೇ ತಂಪು ಫ್ಯಾನು ಇರುತ್ತದೆ, ಅದು ಮರದ ನುಣುಪು ಹುಡಿಯನ್ನು ಒಳಗೆಳೆದು ಹೀಟ್‌ಸಿಂಕಿನ ಮೇಲೆ ಪದರ ಪದರ ಕೂರಿಸುತ್ತದೆ. ಬಿಸಿಯೂ ಹೆಚ್ಚುತ್ತದೆ, ಬೆಂಕಿಯ ಅಪಾಯವೂ ಇದೆ. ಹುಡಿ ನುಗ್ಗದ ಪೆಟ್ಟಿಗೆಯಲ್ಲಿಡಿ, ಆದರೆ ಬಿಸಿ ಹೊರಹೋಗುವಷ್ಟು ದೊಡ್ಡ ಪೆಟ್ಟಿಗೆ ಇರಲಿ. ಇಲ್ಲವೇ ಐಪಿ 65 ದರ್ಜೆಯ, ಅಂದರೆ ಹುಡಿ ಒಳನುಗ್ಗದ, ಡ್ರೈವನ್ನೇ ಕೊಳ್ಳಿ. ಫೀಡರಿನ ತೋಳಿನ ಮೇಲೆ ಕೂರಿಸಬೇಡಿ, ಅದುರುತ್ತದೆ. ಗೋಡೆಯ ಮೇಲಿಡಿ. ಅಲ್ಲಿಂದ ಮೋಟಾರಿಗೆ ಶೀಲ್ಡ್ ಇರುವ ಕೇಬಲ್, ಅದರ ಶೀಲ್ಡನ್ನು ಎರಡೂ ತುದಿಯಲ್ಲಿ ಅರ್ಥ್ ಮಾಡಿ. ಡ್ರೈವಿನಿಂದ ಸ್ವಲ್ಪ ಸೋರಿಕೆ ಕರೆಂಟು ಸದಾ ಇರುತ್ತದೆ; ಲೀಕೇಜ್ ಬ್ರೇಕರ್ ಪದೇ ಪದೇ ಬೀಳುತ್ತಿದ್ದರೆ ಅದನ್ನು ಕಿತ್ತು ಹಾಕುವುದು ಪರಿಹಾರವಲ್ಲ, ಡ್ರೈವಿಗೆ ತಕ್ಕ ಬಗೆಯದ್ದನ್ನು ಹಾಕಿಸಬೇಕು.

ಮೇನ್ ತೆಗೆದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಕೊಲ್ಲುವಷ್ಟು ವೋಲ್ಟೇಜ್ ಉಳಿದಿರುತ್ತದೆ. ಎಷ್ಟು ನಿಮಿಷ ಕಾಯಬೇಕು ಎಂದು ಡ್ರೈವಿನ ಮೇಲೆಯೇ ಬರೆದಿರುತ್ತಾರೆ. ಅಷ್ಟು ಕಾದು, ಮೀಟರ್ ಹಿಡಿದು ನೋಡಿ, ಆಮೇಲೆ ಕೈ ಹಾಕಿ. ಇದರ ಅಭ್ಯಾಸ ಇಲ್ಲದಿದ್ದರೆ ಜೋಡಣೆಯನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

---

ಗರಗಸದಹಲ್ಲು

ಒಂದು ಯೋಚನೆ. ಗರಗಸದ ಮೋಟಾರಿನ ಆಂಪಿಯರನ್ನು ಅಳೆದು, ಅದು ಏರಿದಾಗ ಫೀಡ್ ತಾನೇ ಇಳಿಯುವಂತೆ, ಇಳಿದಾಗ ಏರುವಂತೆ ಮಾಡಬಹುದಲ್ಲವೇ? ಡ್ರೈವುಗಳಲ್ಲಿ ಪಿಐಡಿ (ಅಳತೆ ನೋಡಿ ವೇಗವನ್ನು ತಾನೇ ತಿದ್ದಿಕೊಳ್ಳುವ) ಸೌಲಭ್ಯ ಹೇಗೂ ಇರುತ್ತದೆ.

---

ಮೂರುಫೇಸ್

ಮಾಡಬಹುದು, ದೊಡ್ಡ ಸೀಳು ಯಂತ್ರಗಳಲ್ಲಿ ಮಾಡುತ್ತಾರೆ. ಸಣ್ಣ ಮೋಟಾರಿನಲ್ಲಿ ಎದುರಾಗುವ ತೊಂದರೆ ಏನೆಂದರೆ, ಭಾರ ಇಲ್ಲದೆ ಓಡುವಾಗಲೇ ಅದು ಪೂರ್ಣ ಆಂಪಿಯರಿನ ಅರ್ಧದಷ್ಟನ್ನೋ ಇನ್ನೂ ಹೆಚ್ಚನ್ನೋ ಎಳೆಯುತ್ತಿರುತ್ತದೆ. ಭಾರ ಸ್ವಲ್ಪ ಏರಿದರೆ ಆಂಪಿಯರ್ ಅಲುಗುವುದೇ ಇಲ್ಲ, ಬದಲಾಗುವುದು ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು). ಹಾಗಾಗಿ ಆಂಪಿಯರ್ ಬದಲು ವ್ಯಾಟ್ ಅಳೆಯುವ ಟ್ರಾನ್ಸ್‌ಡ್ಯೂಸರ್ ಹಾಕಿ, ಅದರ 4ರಿಂದ 20 ಮಿಲಿಆಂಪಿಯರ್ ಸಂಕೇತವನ್ನು ಡ್ರೈವಿಗೆ ಕೊಡಿ.

---

ಸಾಣೆಕಲ್ಲು

ಸೀಳುವುದಕ್ಕೆ ಒಳ್ಳೆಯದು. ಅಚ್ಚು ಕೊರೆಯುವುದಕ್ಕೆ ನಾನು ಬೇಡ ಅನ್ನುತ್ತೇನೆ. ಒಂದೇ ತುಂಡಿನಲ್ಲಿ ವೇಗ ಏರಿಳಿದರೆ ಅಲೆಗುರುತಿನ ಅಂತರವೂ ಏರಿಳಿಯುತ್ತದೆ, ಪಾಲಿಶ್ ಬಿದ್ದ ಮೇಲೆ ಬೆಳಕಿಗೆ ಅದು ಎದ್ದು ಕಾಣುತ್ತದೆ. ಸ್ವಲ್ಪ ಒರಟಾದ ಒಂದೇ ಸಮದ ಮೇಲ್ಮೈಯನ್ನು ಕಣ್ಣು ಒಪ್ಪಿಕೊಳ್ಳುತ್ತದೆ, ಕಲೆಸಿದ್ದನ್ನು ಒಪ್ಪುವುದಿಲ್ಲ. ಮರ ಒಳಗಿರುವಾಗ ಪೊಟೆನ್ಶಿಯೋಮೀಟರ್ ತಿರುಗಿಸುವುದೂ ಇದೇ ಕಾರಣಕ್ಕೆ ಕೆಟ್ಟ ಅಭ್ಯಾಸ. ಚೂರು ಮರದಲ್ಲಿ ವೇಗ ಗೊತ್ತುಮಾಡಿಕೊಂಡು, ಕೆಲಸದ ಮರಕ್ಕೆ ಅದನ್ನೇ ಕಡೆತನಕ ಇಡಬೇಕು.

---

ಹೊಸಬಾಗಿಲು

ಎಲ್ಲರ ಮಾತಿನಂತೆ ನಡೆದು ಈಗ ಬರೆಯುತ್ತಿದ್ದೇನೆ.

ಮೊದಲು ರೋಲರ್. ಮೂರರಲ್ಲಿ ಎರಡಕ್ಕೆ ಗಾಜಿನಂಥ ಹೊಳಪು ಬಂದಿತ್ತು. ಸ್ಪಿರಿಟ್ಟಿನಲ್ಲಿ ಒರೆಸಿ ಉಜ್ಜಿದೆ, ಮೇಜಿಗೆ ಮೇಣ ಹಚ್ಚಿದೆ, ಫೀಡರನ್ನು 4 ಮಿ.ಮೀ. ಕೆಳಗಿಳಿಸಿದೆ. 4ರ ವೇಗದಲ್ಲಿ ಕೊರೆಯುವಾಗ 1 ಮೀಟರಿಗೆ ಈಗ 15.5 ಸೆಕೆಂಡ್. ಅಡ್ಡ ಪಟ್ಟಿ ಪೂರ್ತಿ ಹೋಯಿತು. ಅಂದರೆ 4 ಮೀಟರ್ ವೇಗ ಸುಡುತ್ತಲೇ ಇರಲಿಲ್ಲ.

ಆದರೂ 4 ನನ್ನ ಕೆಲಸಕ್ಕೆ ತೀರಾ ನಿಧಾನ, ಆದ್ದರಿಂದ ಡ್ರೈವೂ ಹಾಕಿಸಿದೆ. 400 ವೋಲ್ಟಿನದು, ಎಲೆಕ್ಟ್ರಿಷಿಯನ್ ಬಂದು ಜೋಡಿ ಸ್ಟಾರಿನಲ್ಲಿ ಕಟ್ಟಿ, ಸ್ಪಿಂಡಲ್ ಡೆಲ್ಟಾ ಕಾಂಟ್ಯಾಕ್ಟರಿನಿಂದ ಅನುಮತಿಯ ತಂತಿ ಎಳೆದರು. ಒಂದೇ ಪಾಸಿನಲ್ಲಿ 5 ಮಿ.ಮೀ. ಆಳಕ್ಕೆ ಈ ಮರ 5.5 ಮೀಟರ್ ತನಕ ಶುದ್ಧವಾಗಿ ಬರುತ್ತದೆ. 6 ದಾಟಿದರೆ ಎಳೆ ತಿರುಗುವ ಕಡೆ ಸಿಬಿರು ಏಳಲು ಶುರು. ಎರಡು ಪಾಸು ಮಾಡಿ ಕೊನೆಗೆ 1 ಮಿ.ಮೀ. ಉಳಿಸಿಕೊಂಡರೆ 9ರಲ್ಲೂ ಕನ್ನಡಿಯಂತೆ ಬಂತು! ಹಾಗಾಗಿ ಕಡಿಮೆ ತುಂಡು ಇದ್ದಾಗ ಒಂದೇ ಪಾಸು 5.5ರಲ್ಲಿ, ರಾಶಿ ಇದ್ದಾಗ ಎರಡು ಪಾಸು 9ರಲ್ಲಿ. ಸಾಣೆಕಲ್ಲು ಅವರ ವರ್ಗಮೂಲದ ಲೆಕ್ಕ ಕೈಯಲ್ಲಿ ಹಿಡಿದ ಮರದಲ್ಲಿ ಕಂಡದ್ದು ನನಗೆ ದೊಡ್ಡ ಸಂತೋಷ.

ಒಂದೇ ಪ್ರಶ್ನೆ ಉಳಿದಿದೆ. ಡ್ರೈವಿನ ಪರದೆ ಹರ್ಟ್ಸ್ ತೋರಿಸುತ್ತದೆ. ನನ್ನ ಜೊತೆ ಕೆಲಸ ಮಾಡುವ ಹುಡುಗರಿಗೆ 34 ಹರ್ಟ್ಸ್ ಅಂದರೆ ಏನೂ ತಿಳಿಯದು. ಮೀಟರಿನಲ್ಲಿ ತೋರಿಸಬಹುದೇ?

---

ಮೂರುಫೇಸ್

ಹೆಚ್ಚಿನ ಡ್ರೈವುಗಳಲ್ಲಿ ಪರದೆಯ ಸಂಖ್ಯೆಯನ್ನು ಗುಣಿಸಿ ತೋರಿಸುವ ಒಂದು ಪ್ಯಾರಾಮೀಟರ್ ಇರುತ್ತದೆ. ನಿಮ್ಮ ಗೇರಿಗೆ ಗುಣಕ 0.16 ಇಡಿ, 50 ಹರ್ಟ್ಸಿಗೆ 8.0 ಬರುತ್ತದೆ. ವೇಗದ ಗೇರ್ ಹಾಕಿದಾಗ ಅದನ್ನು 0.44ಕ್ಕೆ ಬದಲಿಸಬೇಕು, ಇಲ್ಲದಿದ್ದರೆ ಹುಡುಗರು 6 ಅಂತ ನಂಬಿ 16.5ರಲ್ಲಿ ಮರ ಬಿಡುತ್ತಾರೆ.

---

ಗೇರುಪೆಟ್ಟಿಗೆ

ವೇಗದ ಗೇರನ್ನು ಬಳಸುವುದೇ ಇಲ್ಲವಾದರೆ ಮುಚ್ಚಳದ ಮೇಲೆ ‘ಗೇರ್ ಬದಲಿಸಬೇಡಿ’ ಅಂತ ಬರೆದು ಅಂಟಿಸಿಬಿಡಿ. ಬದಲಿಸಿದಾಗ ಮಾತ್ರ ಪ್ಯಾರಾಮೀಟರ್ ಬದಲಿಸಬೇಕು ಎಂಬುದನ್ನು ಆರು ತಿಂಗಳ ಮೇಲೆ ಯಾರೂ ನೆನಪಿಡುವುದಿಲ್ಲ. ಮುಚ್ಚಳ ತೆಗೆದಾಗ ಗೇರ್‌ಪೆಟ್ಟಿಗೆಯ ಎಣ್ಣೆಯನ್ನೂ ನೋಡಿ; ಕಪ್ಪಾಗಿದ್ದರೆ ಅಥವಾ ಬೆರಳಿಗೆ ಕಂಚಿನ ಮಿನುಗು ಹತ್ತಿದರೆ ಬದಲಿಸಿ.